ಜಾನಪದ ಪಠ್ಯಸಂರಕ್ಷಣೆ ಮತ್ತು ಅಕ್ಷರ ಸಂಕೇತಗಳ ಹೊಂದಾಣಿಕೆ

ಗಣಕದಲ್ಲಿ ಸಿದ್ಧಪಡಿಸಿದ ಜಾನಪದ ಪಠ್ಯಗಳ ವಿಶ್ವಾಸಾರ್ಹತೆಯು ಅಕ್ಷರ ಸಂಕೇತ ವ್ಯವಸ್ಥೆಯನ್ನೂ ಅವಲಂಬಿಸಿದೆ. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ೨೫೬ ಸ್ಥಾನಗಳ ಕೋಡ್ ಪುಟದಲ್ಲಿ, ರೋಮನ್ ಅಕ್ಷರ ಹಾಗೂ ಚಿಹ್ನೆಗಳ ನೆಲೆಯಲ್ಲಿ ಕನ್ನಡ ಲಿಪಿಯ ತುಣುಕುಗಳನ್ನು ಇರಿಸಿದ್ದವು. ಕಡತದಲ್ಲಿ ಉಳಿಯುವುದು ರೋಮನ್ ಸಂಕೇತ. ಅದು ಕನ್ನಡವಾಗಿ ಕಾಣುವುದು ಫಾಂಟಿನ ಬಲದಿಂದ ಮಾತ್ರ. ಮುದ್ರಣ ತಂತ್ರಾಂಶದಲ್ಲಿ ಕೋಡ್ ಪುಟದ ಹೊಂದಾಣಿಕೆ ತಪ್ಪಿದರೆ ಕೆಲವು ತುಣುಕುಗಳು ಲೋಪವಾಗುತ್ತವೆ ಇಲ್ಲವೆ ಬೇರೆ ಚಿಹ್ನೆಗಳಾಗುತ್ತವೆ.

ನುಡಿಯ ಹಳೆಯ ಫಾಂಟುಗಳಲ್ಲಿ ‘ಭ’ಕಾರಕ್ಕೆ ಒಂದೇ ಸಂಕೇತವಿಲ್ಲ; ‘ಬ’ಕಾರದ ತುಣುಕಿಗೆ ಮಹಾಪ್ರಾಣದ ಗೀಟು ಪ್ರತ್ಯೇಕವಾಗಿ ಸೇರುತ್ತದೆ. ಆ ಗೀಟು ಲೋಪವಾದರೆ ‘ಭೂಮಿ’ಯು ‘ಬೂಮಿ’ಯಾಗುತ್ತದೆ. ಶಿಷ್ಟ ಪಠ್ಯದಲ್ಲಿ ಈ ದೋಷ ಕೂಡಲೇ ಗೋಚರಿಸುತ್ತದೆ. ಆದರೆ ಜನಪದರ ಉಚ್ಚಾರಣೆಯಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗುವುದು ಸಹಜ. ಹೀಗಾಗಿ ಯಂತ್ರದ ದೋಷವು ಹಾಡುಗಾರ್ತಿಯ ಆಡುನುಡಿಯೆಂದೇ ದಾಖಲಾಗುವ ಅಪಾಯವಿದೆ.

ಯೂನಿಕೋಡಿನಲ್ಲಿ ಬ, ಭ ಎರಡಕ್ಕೂ ಸ್ವತಂತ್ರ ಸಂಕೇತಗಳಿವೆ. ಆದರೆ ಹಳೆಯ ಕಡತಗಳ ಪರಿವರ್ತನೆ ಕೇವಲ ಸಂಕೇತಗಳ ವಿನಿಮಯವಲ್ಲ. ‘ಸೂರ್ಯ’ ಪದದ ಅರ್ಕಾವತ್ತು ಹಳೆಯ ಕಡತದಲ್ಲಿ ಯಕಾರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರೇಫವು ಯಕಾರಕ್ಕೆ ಮೊದಲೇ ಬರಬೇಕು. ಆದ್ದರಿಂದ ಗ್ರಂಥಾಲಯಗಳು ಪರಿವರ್ತಿತ ಪಠ್ಯದೊಡನೆ ಮೂಲ ಕಡತ, ಅದರ ಫಾಂಟು ಮತ್ತು ಸಂಕೇತ ಕೋಷ್ಟಕವನ್ನೂ ಕಾಪಾಡುವುದು ಅವಶ್ಯ. ಪಠ್ಯಪರಿಶೀಲನೆಗೆ ನಿಘಂಟು ಸಾಲದು. ಮೂಲ ಧ್ವನಿಮುದ್ರಣವೇ ಪ್ರಮಾಣವಾಗಬೇಕು.