ಲಾಸ್ ಆಲ್ಟೋಸ್‌ನ ತೆರಿಗೆ, ಆಲಂ ರಾಕ್‌ನ ಮಕ್ಕಳು

ಲಾಸ್ ಆಲ್ಟೋಸ್ ಮತ್ತು ಪೂರ್ವ ಸ್ಯಾನ್ ಹೊಸೆಯ ಆಲಂ ರಾಕ್ ಶಾಲಾ ಜಿಲ್ಲೆಗಳು ಕ್ಯಾಲಿಫೋರ್ನಿಯಾದ ಒಂದೇ ಕೌಂಟಿಯಲ್ಲಿವೆ. ಹಣ ಬರುವ ದಾರಿ ಮಾತ್ರ ಬೇರೆ. 2013ರ ಸೂತ್ರದಂತೆ ಪ್ರತಿ ಜಿಲ್ಲೆಗೂ ರಾಜ್ಯ ಒಂದು ಮೊತ್ತ ಗೊತ್ತುಮಾಡುತ್ತದೆ. ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಸಾಕುಮನೆಗಳಲ್ಲಿರುವವರಿಗೆ ಮೂಲ ಮೊತ್ತದ ಮೇಲೆ ಶೇ 20 ಹೆಚ್ಚುವರಿ ಸೇರುತ್ತದೆ. ಸ್ಥಳೀಯ ಆಸ್ತಿ ತೆರಿಗೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ರಾಜ್ಯ ತುಂಬಿಕೊಡುತ್ತದೆ. ಲಾಸ್ ಆಲ್ಟೋಸ್‌ನಲ್ಲಿ ತೆರಿಗೆಯೇ ಆ ಮೊತ್ತವನ್ನು ಮೀರುತ್ತದೆ, ಮೀರಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಇಂಥವಕ್ಕೆ ‘ಬೇಸಿಕ್ ಏಡ್’ ಜಿಲ್ಲೆಗಳೆಂದು ಹೆಸರು. ಆ ಹೆಚ್ಚುವರಿ ಇನ್ನು ಮುಂದೆ ಬೆಳೆದಷ್ಟರಲ್ಲಿ ಒಂದು ಪಾಲು ಕೌಂಟಿಯ ಉಳಿದ ಮಕ್ಕಳಿಗೂ ಸಲ್ಲಬೇಕು.

ಅನ್ಯಾಯ ಎದ್ದು ಕಾಣುವುದು ಹಾಜರಿ ಪುಸ್ತಕದಲ್ಲಿ. ಆಲಂ ರಾಕ್‌ಗೆ ಹಣ ಬರುವುದು ಸರಾಸರಿ ದೈನಂದಿನ ಹಾಜರಿಯ ಲೆಕ್ಕದಲ್ಲಿ. ಮಗು ಜ್ವರ ಬಂದು ಮನೆಯಲ್ಲಿ ಮಲಗಿದರೂ ಲೆಕ್ಕ ತಗ್ಗುತ್ತದೆ. ಟೀಚರ್ ಸಂಬಳ, ಕರೆಂಟ್ ಬಿಲ್ಲು ತಗ್ಗುವುದಿಲ್ಲ. ಬಾಡಿಗೆ ತಾಳಲಾರದೆ ಕುಟುಂಬಗಳು ಊರು ಬಿಟ್ಟರೆ ಆದಾಯವೂ ಅವರ ಹಿಂದೆಯೇ ಹೋಗುತ್ತದೆ, ಶಾಲೆ ಮುಚ್ಚುವ ಮಾತು ಬರುತ್ತದೆ. ಲಾಸ್ ಆಲ್ಟೋಸ್‌ನಲ್ಲಿ ಮಕ್ಕಳು ಕಡಿಮೆಯಾದರೆ ತಲಾ ಮೊತ್ತ ಏರುತ್ತದೆ!

‘ದುಬಾರಿ ಮನೆ ಕೊಂಡು ನಾವು ಕಟ್ಟುವ ತೆರಿಗೆ ನಮ್ಮ ಮಕ್ಕಳಿಗೇ ಸಲ್ಲಲಿ’ ಎಂಬ ವಾದವಿದೆ. ಸಾಲದ ಕಂತು ಕಟ್ಟುತ್ತಿರುವವರಿಗೆ ಅದು ಸಹಜವೂ ಹೌದು. ಆದರೆ 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಆಸ್ತಿ ತೆರಿಗೆ ದರವನ್ನು ಶೇ 1ಕ್ಕೆ ಕಟ್ಟಿಹಾಕಿತು; ನಗರ, ಕೌಂಟಿ, ಶಾಲೆಗಳ ನಡುವೆ ಅದನ್ನು ಹಂಚುವುದು ರಾಜ್ಯದ ಕಾನೂನು. ದರವೂ ಹಂಚಿಕೆಯೂ ಊರಿನ ನಿರ್ಧಾರವಲ್ಲದಾಗ, ಹೆಚ್ಚುವರಿಯನ್ನು ಊರಿನ ತ್ಯಾಗ ಎನ್ನಲಾಗದು. ಊರು ತಾನೇ ಮತ ಹಾಕಿ ಒಪ್ಪಿದ ಪಾರ್ಸೆಲ್ (ನಿವೇಶನವಾರು) ತೆರಿಗೆ, ಪೋಷಕರ ದೇಣಿಗೆ ಅಲ್ಲೇ ಇರಲಿ. ಇನ್ನು ತ್ಯಾಗದ ಲೆಕ್ಕವನ್ನೇ ಹಿಡಿದರೂ ಹಳೆಯ ಅನುಭವ ಬೇರೆಯೇ ಹೇಳುತ್ತದೆ. 1968-69ರಲ್ಲಿ ಅದೇ ರಾಜ್ಯದ ಬಾಲ್ಡ್‌ವಿನ್ ಪಾರ್ಕ್‌ನವರು ಸಿರಿವಂತ ಬೆವರ್ಲಿ ಹಿಲ್ಸ್‌ನವರಿಗಿಂತ ಎರಡು ಪಟ್ಟಿಗೂ ಮಿಕ್ಕ ದರದಲ್ಲಿ ಶಾಲಾ ತೆರಿಗೆ ಕಟ್ಟಿಯೂ ಮಗುವೊಂದಕ್ಕೆ 577 ಡಾಲರ್ ಮಾತ್ರ ಖರ್ಚು ಮಾಡಲು ಸಾಧ್ಯವಾಯಿತು, ಬೆವರ್ಲಿ ಹಿಲ್ಸ್‌ನಲ್ಲಿ 1,232. ಇದನ್ನು ನೋಡಿಯೇ ರಾಜ್ಯದ ಸುಪ್ರೀಂ ಕೋರ್ಟ್ 1971ರ ಸೆರಾನೊ ತೀರ್ಪಿನಲ್ಲಿ, ಮಗುವಿನ ಶಿಕ್ಷಣ ಹೆತ್ತವರ ಮತ್ತು ನೆರೆಹೊರೆಯವರ ಸಿರಿವಂತಿಕೆಯನ್ನು ಅವಲಂಬಿಸಬಾರದೆಂದಿತು.

ಲಾಸ್ ಆಲ್ಟೋಸ್‌ನ ಶಿಕ್ಷಕರಿಗೆ ಜೀವನ ದುಬಾರಿ, ನಿಜ. ಆಲಂ ರಾಕ್‌ನ ಶಿಕ್ಷಕರೂ ಅದೇ ಕೌಂಟಿಯಲ್ಲಿ ಬಾಡಿಗೆ ಕಟ್ಟಬೇಕು. ಇದ್ದಕ್ಕಿದ್ದಂತೆ ಹಣ ಕಿತ್ತುಕೊಂಡರೆ ಒಳ್ಳೆಯ ಶಾಲೆಗಳು ಕುಸಿಯುತ್ತವೆ ಎಂಬ ಆತಂಕ ಮಾತ್ರ ಸರಿಯಾದದ್ದು. ಅದಕ್ಕೇ ಈಗಿನ ಮೊತ್ತ ಮುಟ್ಟಬಾರದು. ಹೀಗೆ ಹಂಚಿಕೊಳ್ಳುವುದು ನಮಗೆ ಹೊಸದಲ್ಲ: ಕರ್ನಾಟಕದಲ್ಲಿ 2002ರ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಾಗ, ಬೆಂಗಳೂರಿನ ತೆರಿಗೆ ಬೀದರಿನ ಶಾಲೆಗೆ ಹೋಗುವುದನ್ನು ನ್ಯಾಯವೆಂದೇ ನಾವು ಒಪ್ಪಿದೆವು. ಕ್ಯಾಲಿಫೋರ್ನಿಯಾದಲ್ಲಿ ಈ ಬದಲಾವಣೆ ಸ್ಯಾಕ್ರಮೆಂಟೊದ ಶಾಸನಸಭೆಯಿಂದಲೇ ಆಗಬೇಕು. ಅಲ್ಲಿ ಮತದ ಹಕ್ಕಿರುವ ಕನ್ನಡಿಗರು ತಮ್ಮ ಶಾಸಕರಿಗೆ ಇದನ್ನು ಬರೆದು ಕೇಳಲಿ.