ಒಂದು ರಿಪೋರ್ಟು, ಎರಡು ಅಂಕಿ

ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ವರ್ಷಗಟ್ಟಲೆ ಲಿವರಿನಲ್ಲಿ ಬೀಡುಬಿಟ್ಟವರ ಬಯಾಪ್ಸಿ ರಿಪೋರ್ಟಿನಲ್ಲಿ ‘ಎ1 ಎಫ್3’ ಎಂಬಂಥ ಸಾಲು ಕಾಣಸಿಗುತ್ತದೆ. ಇದು ಫ್ರಾನ್ಸಿನ ಮೆಟಾವಿರ್ ಪದ್ಧತಿಯ ಲೆಕ್ಕ. ಎ ಎಂದರೆ ಗ್ರೇಡ್, ಅಂದರೆ ಸದ್ಯ ನಡೆಯುತ್ತಿರುವ ಉರಿಯೂತದ ತೀವ್ರತೆ. ಎಫ್ ಎಂದರೆ ಸ್ಟೇಜ್, ಈವರೆಗಿನ ಉರಿಯೂತದಿಂದ ಲಿವರ್ ಎಷ್ಟು ನಾರುಗಟ್ಟಿದೆ ಎಂಬುದು. ಮೊದಲನೆಯದು ಕೆಲವೇ ತಿಂಗಳಲ್ಲಿ ಏರಿಳಿಯಬಹುದು. ಎರಡನೆಯದು ಮೆಲ್ಲಗೆ ಸೇರುತ್ತದೆ, ಮೆಲ್ಲಗೆ ಕರಗುತ್ತದೆ. 1981ರ ನೋಡೆಲ್ ಪದ್ಧತಿ ಎರಡನ್ನೂ ಕೂಡಿಸಿ 22ಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಉರಿಯೂತ ತಗ್ಗಿ ನಾರು ಉಳಿದವನಿಗೂ, ನಾರಿಲ್ಲದೆ ಉರಿಯೂತವಷ್ಟೇ ಇರುವವನಿಗೂ ಒಂದೇ ಮೊತ್ತ ಬರಬಹುದಿತ್ತು. 1995ರ ಇಶಾಕ್ ಪದ್ಧತಿ ಗ್ರೇಡಿಗೆ 18, ಸ್ಟೇಜಿಗೆ 6 ಎಂದು ಲೆಕ್ಕ ಬೇರ್ಪಡಿಸಿತು. ಆ ಬೇರ್ಪಡಿಕೆ ಇವತ್ತಿಗೂ ಬೇಕೇ ಬೇಕು ಎಂಬುದು ನನ್ನ ವಾದ.

ಬಯಾಪ್ಸಿಯಲ್ಲಿ ಪೆಥಾಲಜಿಸ್ಟ್ ನೋಡುವುದು ಸೂಜಿ ಚುಚ್ಚಿ ತೆಗೆದ, ಶ್ಯಾವಿಗೆ ಎಳೆಯಷ್ಟು ಸಣ್ಣ ಚೂರನ್ನು. ರಕ್ತನಾಳ, ಪಿತ್ತನಾಳಗಳು ಜೊತೆಯಾಗಿ ಸಾಗುವ ‘ಪೋರ್ಟಲ್’ ಜಾಗಗಳ ಅಂಚಿನಲ್ಲಿ ಬಿಳಿರಕ್ತಕಣಗಳು ಗಡಿ ಮುರಿದು ಲಿವರ್ ಕೋಶಗಳ ಮೇಲೆರಗಿದ್ದರೆ ಗ್ರೇಡ್ ಏರುತ್ತದೆ. ಟ್ರೈಕ್ರೋಮ್ ಬಣ್ಣ ಹಾಕಿದರೆ ನಾರು ನೀಲಿಯಾಗಿ ಎದ್ದು ಕಾಣುತ್ತದೆ: ಪೋರ್ಟಲ್ ಜಾಗದಲ್ಲಷ್ಟೇ ಇದ್ದರೆ ಎಫ್1, ಅಲ್ಲಿಂದ ಕೆಲವು ಎಳೆಗಳು ಹೊರಟಿದ್ದರೆ ಎಫ್2, ಎಳೆಗಳು ಹೆಚ್ಚಿದರೆ ಎಫ್3, ಅವು ಲಿವರನ್ನು ಗಂಟುಗಂಟಾಗಿ ಸುತ್ತುವರಿದರೆ ಎಫ್4, ಅಂದರೆ ಸಿರೋಸಿಸ್. ಇವು ಅಳತೆಗಳಲ್ಲ, ವಿನ್ಯಾಸಗಳ ಹೆಸರುಗಳು. ಎಫ್4 ಎಂದರೆ ಎಫ್2ರ ದುಪ್ಪಟ್ಟಲ್ಲ. (ಇವುಗಳ ಸರಾಸರಿ ತೆಗೆಯುವ ಸಂಶೋಧಕರೂ ಇದ್ದಾರೆ, ಇರಲಿ.)

ಲಿವರಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲು ನೋಡಿ ಇಡೀ ಅಂಗದ ಬಗ್ಗೆ ತೀರ್ಪು ಕೊಡುವುದು ಸರಿಯೇ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಹೆಪಟೈಟಿಸ್ ಸಿ ಕುರಿತ 2003ರ ಫ್ರೆಂಚ್ ಅಧ್ಯಯನವೊಂದರಲ್ಲಿ 15 ಮಿಲಿಮೀಟರ್ ಚೂರಿನಿಂದ ಸ್ಟೇಜ್ ಸರಿಯಾಗಿ ಗೊತ್ತಾದದ್ದು ಶೇ. 65ರಷ್ಟು ಸಲ, 25 ಮಿಲಿಮೀಟರಾದರೆ ಶೇ. 75ರಷ್ಟು ಸಲ. ಸೂಜಿ ಚುಚ್ಚಿದರೆ ಅಪರೂಪಕ್ಕೆ ರಕ್ತಸ್ರಾವವೂ ಆಗುತ್ತದೆ. ಹಾಗಾಗಿ ರಕ್ತಪರೀಕ್ಷೆಯ ಅಂಕಿಗಳಿಂದ ಲೆಕ್ಕ ಹಾಕುವ ಎಪ್ರಿ, ಫಿಬ್-4, ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಇವೇ ಈಗ ಮುಂದೆ ಬಂದಿವೆ. ಚಿಕಿತ್ಸೆ ಯಾರಿಗೆ ಬೇಕೆಂದು ತೀರ್ಮಾನಿಸಲು ಬಹುಪಾಲು ರೋಗಿಗಳಿಗೆ ಅಷ್ಟು ಸಾಕು. ಆದರೆ ಫೈಬ್ರೋಸ್ಕ್ಯಾನಿಗೆ ಒಂದು ದೌರ್ಬಲ್ಯವಿದೆ: ಉರಿಯೂತ ಜೋರಾಗಿದ್ದಾಗಲೂ ಲಿವರ್ ಗಡಸಾಗುತ್ತದೆ, ಯಂತ್ರ ಅದನ್ನೂ ನಾರಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ನೋಡೆಲ್ ಪದ್ಧತಿಯ ಬೆರಕೆ ಹಿಂಬಾಗಿಲಿನಿಂದ ಮರಳಿದಂತಾಯಿತು. ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ, ಕೊಬ್ಬಿನ ಲಿವರಿನಂಥ ಇನ್ನೊಂದು ಕಾಯಿಲೆಯ ಅನುಮಾನವಿದ್ದಾಗ ಸೂಜಿಯೇ ಗತಿ.

ಸ್ಟೇಜ್ ಹಣೆಬರಹವೂ ಅಲ್ಲ. ಹೆಪಟೈಟಿಸ್ ಬಿ ರೋಗಿಗಳಿಗೆ ಐದು ವರ್ಷ ಟೆನೊಫೊವಿರ್ ಎಂಬ ವೈರಸ್ ತಡೆಯುವ ಔಷಧ ಕೊಟ್ಟು ಮತ್ತೆ ಬಯಾಪ್ಸಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಸಿರೋಸಿಸ್ ಇದ್ದ 96 ಮಂದಿಯಲ್ಲಿ 71 ಮಂದಿಗೆ ಕೊನೆಯಲ್ಲಿ ಅದಿರಲಿಲ್ಲ. ಸಿರೋಸಿಸ್ ಹಾಗೇ ಉಳಿದವರಲ್ಲಿ ಮೈತೂಕ ಹೆಚ್ಚಿದ್ದವರ ಪಾಲು ಹೆಚ್ಚಾಗಿತ್ತು.