ಕಾಡಂಚಿನಲ್ಲಿ ಬೆಲ್ಟು ಬಿಚ್ಚುವ ಮೊದಲು

ಗಡಿಯಂಚಿನ ನಮ್ಮ ಮಂಡೆಕೋಲಿನಲ್ಲಿ ನಾಯಿಯನ್ನು ಯಾರೂ ವಾಕಿಂಗಿಗೆ ಕರೆದುಕೊಂಡು ಹೋಗುವುದಿಲ್ಲ. ಅದು ತಾನಾಗಿಯೇ ಹೋಗುತ್ತದೆ. ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಹೊರಟವರ ಹಿಂದೆ ಒಂದಷ್ಟು ದೂರ, ಆಮೇಲೆ ತೋಟಕ್ಕೆ ನೀರು ಬಿಡಲು ಇಳಿದವರ ಹಿಂದೆ ಇನ್ನೊಂದಷ್ಟು ದೂರ. ಮಧ್ಯಾಹ್ನ ಅಂಗಳದ ಅಡಿಕೆಯ ಬದಿಯಲ್ಲಿ ನಿದ್ದೆ. ಹಾಗಾಗಿ ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು ತಮ್ಮ ಲ್ಯಾಬ್ರಡಾರನ್ನು ಕಾರಿನಿಂದ ಇಳಿಸಿ, ಸಂಜೆ ಷೂ ಕಟ್ಟಿಕೊಂಡು, "ಇವಳನ್ನೊಂದು ರೌಂಡ್ ಕರ್ಕೊಂಡು ಬರ್ತೇನೆ" ಎಂದಾಗ ಮನೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ರೌಂಡ್ ಎಲ್ಲಿಗೆ? ಗೇಟಿನಾಚೆ ರಬ್ಬರ್, ರಬ್ಬರಿನಾಚೆ ಮೀಸಲು ಅರಣ್ಯ, ಅದರಾಚೆ ಕೇರಳ.

ಮಕ್ಕಳ ಆಸೆಯೂ ಸುಳ್ಳಲ್ಲ. ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಲಿಫ್ಟು, ಪಾರ್ಕಿಂಗ್, ಫುಟ್‌ಪಾತು ಇಷ್ಟೇ ಲೋಕ. 1870ರಲ್ಲಿ ಆರಂಭವಾದ ಕಬ್ಬನ್ ಪಾರ್ಕ್ ಸುಮಾರು 300 ಎಕರೆ ಇದ್ದರೂ ನಾಯಿಯನ್ನು ಬಿಟ್ಟು ಓಡಿಸಲು ಅಲ್ಲಿರುವುದು ಬೇಲಿ ಹಾಕಿದ ಒಂದು ಮೂಲೆ. 2022ರಲ್ಲಿ ಸಾಕುನಾಯಿಗಳನ್ನು ಪಾರ್ಕಿನೊಳಗೆ ಬಿಡುವುದೇ ಬೇಡವೆಂಬ ಮಾತು ಎದ್ದಾಗ ನಾಯಿ ಸಾಕಿದವರು ಜೋರಾಗಿಯೇ ವಿರೋಧಿಸಿದರು. ಅಷ್ಟಕ್ಕೇ ಅಷ್ಟು ಜಗಳ ಆಡಿ ಬಂದವರಿಗೆ ಇಲ್ಲಿಯ ಹಸಿರು ಕಂಡರೆ ಕೈ ತಾನಾಗಿಯೇ ಬೆಲ್ಟಿನ ಕೊಕ್ಕೆಗೆ ಹೋಗುತ್ತದೆ. ನನ್ನ ತಕರಾರು ಅಲ್ಲೇ. ಪಾರ್ಕಿನಲ್ಲಿ ಬೆಲ್ಟು ಹಾಕುವುದು ಬೇರೆಯವರಿಗೆ ತೊಂದರೆಯಾಗಬಾರದೆಂದು. ಕಾಡಂಚಿನಲ್ಲಿ ಬೆಲ್ಟು ಬೇಕಾಗುವುದು ಹಿಡಿದವರ ಜೀವಕ್ಕೆ.

ಮೊದಲು ಆನೆಯ ವಿಷಯ. ಮಂಡೆಕೋಲು, ಅಜ್ಜಾವರ, ಆಲೆಟ್ಟಿ ಕಡೆಯ ತೋಟಗಳಿಗೆ ಕಾಡಾನೆ ಬರುವುದು ಈಗ ಸುದ್ದಿಯೇ ಅಲ್ಲ. ಬಾಳೆ, ತೆಂಗು, ಅಡಿಕೆ ಯಾವುದನ್ನೂ ಬಿಡುವುದಿಲ್ಲ. ಪಯಸ್ವಿನಿ ದಾಟಿ ಆಚೆ ಈಚೆ ಓಡಾಡುವ ಅವುಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. 2023ರ ಏಪ್ರಿಲ್‌ನಲ್ಲಿ ಅಜ್ಜಾವರದ ತೋಟವೊಂದರ ಕೆರೆಗೆ ಮರಿ ಸಹಿತ ನಾಲ್ಕು ಆನೆಗಳು ಬಿದ್ದು, ಅರಣ್ಯ ಇಲಾಖೆಯವರೂ ಊರವರೂ ಸೇರಿ ದಂಡೆ ಕಡಿದು ದಾರಿ ಮಾಡಿಕೊಟ್ಟ ಮೇಲೆ ಹತ್ತಿ ಹೋದವು. ಅದಕ್ಕೆ ಎರಡು ತಿಂಗಳ ಹಿಂದೆ ಕಡಬದ ರೆಂಜಿಲಾಡಿಯಲ್ಲಿ, ಬೆಳಿಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯನ್ನೂ ಬೊಬ್ಬೆ ಕೇಳಿ ಓಡಿಬಂದವರೊಬ್ಬರನ್ನೂ ಆನೆ ಕೊಂದಿತು.

ಇಂಥ ಜಾಗದಲ್ಲಿ ಬಿಟ್ಟ ನಾಯಿ ಏನು ಮಾಡುತ್ತದೆ? ಮನುಷ್ಯನೊಬ್ಬನೇ ನಡೆದು ಬಂದರೆ ಆನೆ ಹಲವು ಸಲ ವಾಸನೆ ಹಿಡಿದು ಸರಿದುಕೊಳ್ಳುತ್ತದೆ, ಇಲ್ಲವೇ ನಿಂತಲ್ಲೇ ನಿಂತಿರುತ್ತದೆ. ನಾಯಿ ಹಾಗೆ ಬಿಡುವುದಿಲ್ಲ. ಬೊಗಳಿಕೊಂಡು ಮುಂದೆ ಓಡುತ್ತದೆ, ಕಾಲಿನ ಹತ್ತಿರದವರೆಗೂ ಹೋಗುತ್ತದೆ. ಮರಿಯಿರುವ ಆನೆಯಾದರೆ ಅಟ್ಟಿಕೊಂಡೇ ಬರುತ್ತದೆ. ಆಗ ನಾಯಿಗೆ ಗೊತ್ತಿರುವ ಸುರಕ್ಷಿತ ಜಾಗ ಒಂದೇ: ಯಜಮಾನನ ಕಾಲಬುಡ. ಅದು ನೇರ ನಿಮ್ಮ ಕಡೆಗೆ ಓಡಿಬರುತ್ತದೆ, ಹಿಂದೆಯೇ ಆನೆ. ರಬ್ಬರ್ ಟ್ಯಾಪಿಂಗಿಗೆ ನಸುಕಿನಲ್ಲೇ ಹೋಗುವ ಹಿರಿಯರೊಬ್ಬರು ಇದನ್ನು ಎರಡೇ ಮಾತಿನಲ್ಲಿ ಹೇಳಿದರು: "ನಾಯಿ ತಪ್ಪಿಸಿಕೊಳ್ತದೆ ಮಾರಾಯ್ರೆ, ನಾಲ್ಕು ಕಾಲು ಉಂಟಲ್ಲ. ನಮಗೆ ಎಂತ ಉಂಟು?"

ಆನೆ ಹತ್ತಿರದಲ್ಲಿದೆ ಎನ್ನುವುದಕ್ಕೆ ಅವರೇ ತೋರಿಸಿದ ಗುರುತುಗಳೂ ಇವೆ. ಸೀಳಿ ಬಿದ್ದ ಬೈನೆ ಮರ, ಮಣ್ಣಿನ ದರೆಯಲ್ಲಿ ಜಾರಿ ಇಳಿದ ಗೆರೆ, ಇನ್ನೂ ಹಬೆಯಾಡುವ ಲದ್ದಿ. ನಾಯಿ ಬೆಲ್ಟಿನಲ್ಲಿದ್ದರೆ ಇನ್ನೊಂದು ಲಾಭ: ಅದು ನಿಂತುಬಿಡುತ್ತದೆ, ಕತ್ತಿನ ಕೂದಲು ನಿಗುರುತ್ತದೆ, ಮೂಗು ಒಂದೇ ದಿಕ್ಕಿಗೆ. ಅಲ್ಲಿಂದ ಹಿಂತಿರುಗಬೇಕು, "ಏನಿರಬಹುದು ನೋಡೋಣ" ಎನ್ನಬಾರದು.

ಚಿರತೆಯದ್ದು ಬೇರೆ ಲೆಕ್ಕ. ನಾಯಿ ಅದಕ್ಕೆ ಊಟ. ಮಹಾರಾಷ್ಟ್ರದ ಅಕೋಲೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಪರೀಕ್ಷಿಸಿದಾಗ ತೂಕದಲ್ಲಿ ಶೇ 39ರಷ್ಟು ನಾಯಿಯೇ ಇತ್ತು. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆ, ಅದರಿಂದ ನಾಯಿಕಡಿತವೂ ರೇಬಿಸ್ ಸಾವೂ ತಗ್ಗುತ್ತಿರಬಹುದು ಎಂದು 2018ರ ಅಧ್ಯಯನವೊಂದು ಅಂದಾಜಿಸಿತು. ನಗರಕ್ಕೆ ಉಪಕಾರವಿರಬಹುದು, ಸ್ವಂತ ನಾಯಿ ಇರುವವರಿಗೆ ಇದರಿಂದ ಸಮಾಧಾನವೇನಿಲ್ಲ. ನಮ್ಮ ಕಡೆ ರಾತ್ರಿ ನಾಯಿಯನ್ನು ಗೂಡಿಗೆ ಹಾಕಿ ಚಿಲಕ ಸಿಕ್ಕಿಸುವುದು ಇದೇ ಕಾರಣಕ್ಕೆ. ನಗರದ ನಾಯಿ ಹಾಸಿಗೆಯಲ್ಲಿ ಮಲಗುತ್ತದೆ, ಸರಿ; ಆದರೆ ರಾತ್ರಿ ಹತ್ತಕ್ಕೆ ಉಚ್ಚೆಗೆಂದು ಅಂಗಳಕ್ಕೆ ಒಂಟಿಯಾಗಿ ಬಿಡುತ್ತಾರಲ್ಲ, ಅದು ಬೇಡ.

ಹಂದಿಗೆಂದು ತೋಟದ ಬದಿಯಲ್ಲಿ ಕದ್ದು ಇಟ್ಟ ಉರುಳಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೇಬಲ್ ತಂತಿಯ ಕುಣಿಕೆ ಸೊಪ್ಪಿನ ಮರೆಯಲ್ಲಿ ಕಾಣುವುದೇ ಇಲ್ಲ, ಎಳೆದಷ್ಟೂ ಬಿಗಿಯುತ್ತದೆ. ಚಿರತೆಗಳೇ ಅದರಲ್ಲಿ ಸಿಕ್ಕಿಬಿದ್ದು ನರಳಿದ್ದುಂಟು.

ಇಷ್ಟೂ ನಾಯಿಗೂ ನಮಗೂ ಆಗುವ ಅಪಾಯ. ನಾಯಿಯಿಂದ ಕಾಡಿಗೆ ಆಗುವುದು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಬರಿಂಕ, ಮೊಲ, ನೆಲದಲ್ಲಿ ಮೊಟ್ಟೆಯಿಡುವ ಕಾಡುಕೋಳಿ, ನವಿಲು, ಇವೆಲ್ಲ ಓಡಿ ಬಚಾವಾಗುವ ಪ್ರಾಣಿಗಳೇ. ಆದರೆ ದಿನವೂ ಓಡಬೇಕಾದರೆ? ಲಂಡನ್ನಿನ ರಿಚ್‌ಮಂಡ್ ಪಾರ್ಕ್ ಸುಮಾರು 2,500 ಎಕರೆ, ನೂರಾರು ಜಿಂಕೆಗಳ ಬೀಡು. 2011ರಲ್ಲಿ ಅಲ್ಲಿ ಫೆಂಟನ್ ಎಂಬ ಲ್ಯಾಬ್ರಡಾರ್ ಜಿಂಕೆಹಿಂಡನ್ನು ಅಟ್ಟಿಸಿಕೊಂಡು ಹೋದದ್ದು, ಯಜಮಾನ ಹೆಸರು ಕೂಗುತ್ತ ಹಿಂದೆ ಓಡಿದ್ದು ವಿಡಿಯೊ ಆಗಿ ಜಗತ್ತೆಲ್ಲ ನಕ್ಕಿತು. ಮರಿ ಹಾಕುವ ಕಾಲದಲ್ಲಿ ಅಲ್ಲಿ ಈಗ ನಾಯಿಗೆ ಬೆಲ್ಟು ಕಡ್ಡಾಯ. ಇನ್ನು ರೋಗ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಹಲವುಗಳಲ್ಲಿ ಕಂಡದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್. ರೇಬಿಸ್ ಚುಚ್ಚುಮದ್ದು ಹಾಕಿಸಿ ಕೈತೊಳೆದುಕೊಳ್ಳುವವರು ಡಿಸ್ಟೆಂಪರ್‌ನದ್ದನ್ನೂ ಹಾಕಿಸಿಯೇ ಊರಿಗೆ ಬರಬೇಕು.

ತೇಜಸ್ವಿಯವರ ನಾಯಿ 'ಕಿವಿ'ಯ ಬಗ್ಗೆ ಓದಿ ಬೆಳೆದ ನಮಗೆ, ನಾಯಿ ಕಟ್ಟಿಕೊಂಡು ಕಾಡು ಅಲೆಯುವುದೆಂದರೆ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗಡಿಯಾಚೆಯ ಮುತ್ತಪ್ಪನೂ ನಾಯಿಯ ಜೊತೆಗಿರುವ ಬೇಟೆಗಾರ ದೈವ. ಪರಶ್ಶಿನಿಕಡವಿನಲ್ಲಿರುವ ಅವನ ಗುಡಿಯಲ್ಲಿ ನಾಯಿಗಳು ಇವತ್ತಿಗೂ ಯಾರ ಅಪ್ಪಣೆಯೂ ಇಲ್ಲದೆ ಓಡಾಡುತ್ತವೆ. ಆದರೆ ಕಿವಿಗೂ ಮುತ್ತಪ್ಪನ ನಾಯಿಗೂ ಕಾಡು ಗೊತ್ತಿತ್ತು. ಸೋಫಾದ ನಾಯಿಗೆ ಗೊತ್ತಿಲ್ಲ.

ಹಾಗಾದರೆ ವಾಕಿಂಗೇ ಬೇಡವೇ? ಖಂಡಿತ ಬೇಕು. ಬಿಸಿಲೇರಿದ ಮೇಲೆ, ಮನೆಗಳಿರುವ ರಸ್ತೆಯಲ್ಲಿ, ಗಟ್ಟಿ ಬೆಲ್ಟಿನಲ್ಲಿ. ಮಳೆಗಾಲವಾದರೆ ಬಂದ ಕೂಡಲೇ ಜಗಲಿಯಲ್ಲಿ ಕೂರಿಸಿ ಬೆರಳುಸಂದಿ ಬಿಡಿಸಿ ನೋಡಿ. ಉಂಬುಳ ಅಲ್ಲೇ ಕಚ್ಚಿ ಕಪ್ಪುದ್ರಾಕ್ಷಿಯಷ್ಟು ಉಬ್ಬಿರುತ್ತದೆ. ಎಳೆಯಬೇಡಿ, ಉಪ್ಪು ಹಾಕಿದರೆ ಬಿಡುತ್ತದೆ. ಬೇಸಿಗೆಯಾದರೆ ಕಿವಿಯ ಒಳಮಡಿಕೆಯಲ್ಲಿ ಉಣುಗು. ಅದನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಬೇಕು, ಉಗುರಲ್ಲಿ ಚಿವುಟಿ ಒಡೆಯಬಾರದು. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು ಬೆಳ್ತಂಗಡಿ ತಾಲೂಕು 1982–83ರಲ್ಲೇ ಕಂಡಿದೆ. ಹಾಗಾಗಿ ನಾಯಿಯದ್ದು ನೋಡಿದ ಮೇಲೆ ನಿಮ್ಮ ಕಾಲನ್ನೂ ಒಮ್ಮೆ ನೋಡಿಕೊಳ್ಳಿ. ಮತ್ತೆ, ಹೊರಡುವ ಮೊದಲು ಊರಿನ ವಾಟ್ಸ್ಆ್ಯಪ್ ಗುಂಪು ತೆರೆಯಿರಿ. ರಾತ್ರಿ ಆನೆ ಯಾರ ತೋಟದಲ್ಲಿತ್ತು ಎಂಬುದು ಬೆಳಿಗ್ಗೆ ಆರು ಗಂಟೆಯೊಳಗೆ ಅದರಲ್ಲಿ ಬಂದಿರುತ್ತದೆ.